ಟೆಲಿಫೋನ್ ಅಕ್ಕನ ಐದು ಖಾತೆಗಳು

14 ಮಾರ್ಚ್ 1977

ಮಾನ್ಯ ಸಂಸದರಿಗೆ,

ಅಭಿನಂದನೆಗಳು. ಮೂರು ಸಲ ಎಣಿಸಿದರೂ ಅಂತರ ಅರವತ್ತಮೂರೇ ಬಂತು. ನಾಲ್ಕನೇ ಸಲ ಎಣಿಸಿ ಎಂದು ನಮ್ಮ ಪಕ್ಷದವರು ಕೂಗಾಡುತ್ತಿದ್ದಾಗ ತಡೆದವನು ನಾನೇ. ಎಣಿಸುವ ಗುಮಾಸ್ತರಲ್ಲಿ ಇಬ್ಬರು ನನ್ನ ರೋಗಿಗಳು, ಹಸಿವಿನಿಂದ ಅವರ ಮುಖ ಬಾಡಿತ್ತು. ಅರವತ್ತಮೂರು ಮತ ಎಂದರೆ ನಮ್ಮ ಬೀದಿಯ ಒಂದು ಬದಿ. ಆ ಬದಿಯಲ್ಲಿ ನನ್ನ ಮನೆಯೂ ಇದೆ. "ನೀನು ಯಾರಿಗೆ ಹಾಕ್ದೆ?" ಎಂದು ಹೆಂಡತಿಯನ್ನು ಕೇಳಿದರೆ, "ಗುಪ್ತ ಮತದಾನ ಕಣ್ರೀ" ಎಂದು ಒಳಗೆ ಹೋದಳು.

ಹನ್ನೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು "ನಂಬರ್ ಹೇಳಿ" ಎಂದ ನಿಮ್ಮ ದನಿ ಊರಿಗೆಲ್ಲ ಗೊತ್ತು. ಟೆಲಿಫೋನ್ ಅಕ್ಕ ಎಂದು ಸುಮ್ಮನೆ ಕರೆಯುತ್ತಾರೆಯೇ? ನಾನು ಸೋತದ್ದು ಆ ದನಿಗೆ. ಬೇಸರವಿಲ್ಲ. ಆದರೆ ನಾನು ಯಾಕೆ ನಿಂತೆ ಎಂಬುದು ನಿಮಗೆ ಗೊತ್ತಿರಬೇಕು.

ನಮ್ಮ ಊರಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಮಿತಿಮೀರಿದೆ. ಹುಟ್ಟಿದಂದಿನಿಂದ ಆ ನೀರು ಕುಡಿದ ಮಗುವಿಗೆ ಆರೇಳು ವರ್ಷಕ್ಕೆ ಬರುವ ಶಾಶ್ವತ ಹಲ್ಲು ಕಂದು ಪಟ್ಟೆ ಹೊತ್ತುಕೊಂಡೇ ಬರುತ್ತದೆ. ಎಷ್ಟು ಉಜ್ಜಿದರೂ ಹೋಗದು. ನನ್ನ ಮಗಳಿಗೆ ಏಳು ವರ್ಷ. ಹೋದ ತಿಂಗಳು ಮುಂದಿನ ಹಲ್ಲು ಬಂತು. ಶಾಲೆಯ ಫೋಟೋದಲ್ಲಿ ಎಲ್ಲ ಮಕ್ಕಳೂ ನಗುತ್ತಿದ್ದಾರೆ, ಇವಳು ಮಾತ್ರ ತುಟಿ ಬಿಗಿದು ನಿಂತಿದ್ದಾಳೆ. ಹಲ್ಲಿನ ಡಾಕ್ಟರ ಮಗಳು! ನನ್ನ ಬಳಿ ಇದಕ್ಕೆ ಔಷಧವಿಲ್ಲ. ಅರವತ್ತು ಮೈಲಿ ಆಚೆಯ ನದಿಯಿಂದ ಪೈಪಿನಲ್ಲಿ ನೀರು ಬರಬೇಕು, ಅದೊಂದೇ ಔಷಧ.

ಗೆದ್ದ ಸಂಜೆ ಲಾರಿಯ ಮೇಲೆ ನಿಂತು "ಮೊದಲು ನೀರು" ಎಂದಿರಿ. ನಾನು ಕೇಳಿಸಿಕೊಂಡಿದ್ದೇನೆ.

ಇಂತಿ ನಿಮ್ಮ ಎದುರಾಳಿ,
ಹಲ್ಲು ಡಾಕ್ಟರ್


3 ಏಪ್ರಿಲ್ 1977

ಡಾಕ್ಟ್ರೇ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಸೋತವರು ಹೀಗೂ ಬರೆಯುತ್ತಾರೆಯೇ! ನಾನು ಸೋತಿದ್ದರೆ ನಿಮಗೆ ಖಂಡಿತ ಬರೆಯುತ್ತಿರಲಿಲ್ಲ, ಮುಸುಕು ಹೊದ್ದು ಮಲಗುತ್ತಿದ್ದೆ.

ರಾಜಧಾನಿಗೆ ಬಂದು ಹದಿನೈದು ದಿನವಾಯಿತು. ಸಭೆಯಲ್ಲಿ ಪ್ರತಿಯೊಬ್ಬರ ಮೇಜಿಗೂ ಒಂದೊಂದು ಮೈಕು ಇದೆ, ನನ್ನ ಮೇಜಿಗೂ! ನನ್ನದು ಹಿಂದಿನಿಂದ ಎರಡನೇ ಸಾಲು, ಕಂಬದ ಪಕ್ಕ. ಮೊನ್ನೆ ಮೊದಲ ಸಲ ಎದ್ದು ನಿಂತೆ. ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಹನ್ನೊಂದು ವರ್ಷದ ಅಭ್ಯಾಸ ನೋಡಿ, "ನಂಬರ್ ಹೇಳಿ" ಎಂದು ಬಾಯಿಗೆ ಬಂದುಬಿಟ್ಟಿತು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಆಮೇಲೆ ಏಳು ನಿಮಿಷ ನೀರಿನ ಬಗ್ಗೆ ಮಾತಾಡಿದೆ, ಒಬ್ಬರೂ ಕೆಮ್ಮಲಿಲ್ಲ.

ನನ್ನ ಜೊತೆ ಅಮ್ಮ ಬಂದಿದ್ದಾಳೆ. ನಿಮ್ಮ ಕಾಗದವನ್ನು ಅವಳಿಗೂ ಓದಿ ಹೇಳಿದೆ. "ಆ ಮಗು ಪಾಪ ನಗೋಕೂ ಆಗ್ದೇ ನಿಂತಿದೆಯಲ್ಲೇ, ಬೇಗ ಏನಾದ್ರೂ ಮಾಡು" ಎಂದಳು. ಮೂರು ವರ್ಷ ಕೊಡಿ ಡಾಕ್ಟ್ರೇ. ಮೂರೇ ವರ್ಷ.

ಇಂತಿ,
ನಿಮ್ಮ ಬೀದಿಯ ಒಂದು ಬದಿಯಿಂದ ಗೆದ್ದವಳು


21 ಸೆಪ್ಟೆಂಬರ್ 1979

ಡಾಕ್ಟ್ರೇ, ಮಂತ್ರಿಯಾದೆ!

ಮೀನುಗಾರಿಕೆ ಖಾತೆ. ನಗಬೇಡಿ. ನಾನು ಸಮುದ್ರವನ್ನೇ ನೋಡಿದವಳಲ್ಲ. ಪ್ರಮಾಣವಚನ ಮುಗಿದ ಮರುದಿನವೇ ಬಂದರಿಗೆ ಓಡಿದೆ. ಬೆಳಗಿನ ಆರು ಗಂಟೆ, ದೋಣಿಗಳು ಸಾಲಾಗಿ ಒಳಗೆ ಬರುತ್ತಿದ್ದವು. ಅಷ್ಟೊಂದು ನೀರು ನೋಡಿ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಒಬ್ಬ ಮುದುಕ ಬಲೆ ಬಿಡಿಸುತ್ತಾ, "ಅಮ್ಮಾ, ಬಾಯಿ ಮುಚ್ಕೊಳ್ಳಿ, ನೊಣ ಹೋದೀತು" ಎಂದ. ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಕಾರ್ಯದರ್ಶಿಯ ಮುಖ ಬಿಳಿಚಿಹೋಯಿತು.

ಕಚೇರಿಯಲ್ಲಿ ಏಳು ಕುರ್ಚಿ, ಒಂದು ಕರೆಗಂಟೆಯ ಗುಂಡಿ, ಮೂರು ಟೆಲಿಫೋನ್. ಯಾವುದು ಬಡಿದರೂ ನಾನೇ ಎತ್ತುತ್ತೇನೆ. ಸಹಾಯಕನಿಗೆ ಅದೇ ದುಃಖ.

ನೀರಿನ ಕಡತ ಮರೆತಿಲ್ಲ. ಆ ಇಲಾಖೆಯವರನ್ನು ಎರಡು ಸಲ ಕಂಡೆ. "ಸರ್ವೆ ಆಗಬೇಕು" ಎನ್ನುತ್ತಾರೆ. ಆಗಿಸುತ್ತೇನೆ.

ಟೆ. ಅಕ್ಕ


30 ಮಾರ್ಚ್ 1982

ಮಾನ್ಯ ಸಚಿವರಿಗೆ,

ಎರಡನೇ ಸಲ ಸೋತೆ, ಈ ಸಲ ನಾಲ್ಕು ಸಾವಿರದಿಂದ. ಅಭಿನಂದನೆಗಳು.

ನೀವು ಕೇಳಿದ ಮೂರು ವರ್ಷ ಐದಾಯಿತು. ಹದಿನೆಂಟು ತಿಂಗಳಿಂದ ನನ್ನ ನಾಲ್ಕು ಕಾಗದಗಳಿಗೆ ಉತ್ತರವಿಲ್ಲ. ಸರ್ವೆಯವರು ಬಂದಿದ್ದರು, ನಿಜ. ಮೂರು ಕಾಲಿನ ಯಂತ್ರ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿದರು. ಅವರಲ್ಲೊಬ್ಬನಿಗೆ ಹಲ್ಲುನೋವು, ನಾನೇ ಕಿತ್ತೆ. ಆ ಹಲ್ಲೊಂದೇ ಈ ಯೋಜನೆಯಲ್ಲಿ ಇದುವರೆಗೆ ಜಾಗ ಬಿಟ್ಟು ಕದಲಿದ್ದು.

ನಿಮ್ಮ ಬಗ್ಗೆ ಪತ್ರಿಕೆಗಳಲ್ಲಿ ಓದುತ್ತೇನೆ. ಬಂದರಿನಲ್ಲಿ ಮಂಜುಗಡ್ಡೆಯ ಕಾರ್ಖಾನೆ ಕಟ್ಟಿಸಿದಿರಂತೆ, ದೋಣಿಗಳಿಗೆಲ್ಲ ರೇಡಿಯೋ ಹಾಕಿಸಿದಿರಂತೆ. ಹೆಮ್ಮೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ಮೈ ಉರಿಯುತ್ತದೆ. ಮೀನಿಗೆ ಇಷ್ಟು ಮಾಡಿದವರಿಗೆ ಮಕ್ಕಳಿಗೆ ಮಾಡಲಾಗದೇ?

ಹಲ್ಲು ಡಾಕ್ಟರ್


11 ಡಿಸೆಂಬರ್ 1983

ಡಾಕ್ಟ್ರೇ,

ತಡವಾಯಿತು, ಕ್ಷಮಿಸಿ. ಹೊಸ ಸುದ್ದಿ: ಸಾರಿಗೆ ಖಾತೆ! ಪೂರ್ಣ ದರ್ಜೆಯ ಮಂತ್ರಿ. ಆರು ಸಾವಿರ ಬಸ್ಸು, ನಲವತ್ತು ಸಾವಿರ ಜನ ಕೆಲಸಗಾರರು. ನಿನ್ನೆ ಮಫ್ತಿಯಲ್ಲಿ, ಎಂದರೆ ಅಮ್ಮನ ಹಳೆಯ ಸ್ವೆಟರ್ ಹಾಕಿಕೊಂಡು, ಒಂದು ಬಸ್ಸು ಹತ್ತಿದೆ. ಚಾಲಕ ನಿಲ್ದಾಣ ದಾಟಿ ನಿಲ್ಲಿಸಿದ. "ಯಾಕಪ್ಪಾ?" ಎಂದರೆ, "ಮಂತ್ರಿಗೆ ದೂರು ಕೊಡಿ" ಎಂದ. ಕೊಟ್ಟೆ! ಅಲ್ಲೇ, ನಾನೇ ಆ ಮಂತ್ರಿ ಎಂದು ಅವನ ಮುಖಕ್ಕೇ! ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು, ಕೊನೆಗೆ ಅವನೂ ತಟ್ಟಿದ.

ನೀರಿನ ಖಾತೆ ಈ ಸಲವೂ ಬೇರೆಯವರ ಪಾಲಾಯಿತು. ನನ್ನ ಕೈಯಲ್ಲಿ ಏನಿದೆ ಹೇಳಿ. ದೊಡ್ಡ ಸ್ಥಾನಕ್ಕೆ ಹೋದಷ್ಟೂ ನನ್ನ ಮಾತಿಗೆ ತೂಕ ಬರುತ್ತದೆ, ಆಗ ಒಂದೇ ಏಟಿಗೆ ಮಾಡಿಸಬಹುದು. ನಂಬಿ.

ಟೆ. ಅಕ್ಕ


7 ಜೂನ್ 1990

ಡಾಕ್ಟ್ರೇ,

ವಿದ್ಯುತ್ ಖಾತೆಯಲ್ಲಿದ್ದ ಮೂರು ವರ್ಷ ನಿಮಗೆ ಒಂದು ಸಾಲೂ ಬರೆಯಲಿಲ್ಲ. ಮೂರನೇ ಸಲ ಸೋತಾಗ ನೀವು ಬರೆದ ಕಾರ್ಡು ಮಾತ್ರ ಮೇಜಿನ ಗಾಜಿನ ಕೆಳಗೆ ಇದೆ.

ಇವತ್ತು ಗೃಹ ಮಂತ್ರಿಯಾದೆ. ಪೊಲೀಸಿನವರು ಸಾಲಾಗಿ ನಿಂತು ಬೂಟು ಅಪ್ಪಳಿಸಿ ಸೆಲ್ಯೂಟ್ ಹೊಡೆದರೆ ಕಿಟಕಿಯ ಗಾಜೆಲ್ಲ ನಡುಗುತ್ತದೆ! ಅಮ್ಮ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನಿಲ್ಲಿಸಿ "ಊಟ ಆಯ್ತೇನಪ್ಪಾ?" ಎಂದು ಕೇಳಿದಳು. ಪ್ರಧಾನಿಯ ಬಲಗಡೆ ಎರಡನೇ ಕುರ್ಚಿ ನನ್ನದು. ಹಿಂದಿನ ಸಾಲಿನ ಕಂಬದ ಪಕ್ಕದಿಂದ ಇಲ್ಲಿಗೆ ಹದಿಮೂರು ವರ್ಷ. ಈ ಸಂತೋಷವನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ನೋಡಿದರೆ, ನಿಮ್ಮ ವಿಳಾಸವೇ ಮೊದಲು ನೆನಪಾಯಿತು.

ಟೆ. ಅಕ್ಕ


9 ಜನವರಿ 1992

ಮಾನ್ಯ ಸಚಿವರೇ,

ಇದು ರಾಜಕೀಯದ ಕಾಗದವಲ್ಲ. ದಯವಿಟ್ಟು ಒಂದು ಕಡೆ ಕೂತು ಓದಿ.

ಮೊನ್ನೆ ಭಾನುವಾರ ನಮ್ಮ ಮೈದಾನದಲ್ಲಿ ನೀವು ಚುನಾವಣಾ ಭಾಷಣ ಮಾಡಿದಾಗ ನಾನು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ನಿಂತು ಕೇಳಿದೆ. ಎಕ್ಸ್‌ಚೇಂಜಿನ ಕಾಲದಿಂದ ಆ ದನಿಯನ್ನು ಬಲ್ಲೆ. ಒಂದು ಅಕ್ಷರ ಮುರಿದದ್ದನ್ನು ಕೇಳಿದವನಲ್ಲ. ಮೊನ್ನೆ ನೀವು "ರಸ್ತೆಗಲು" ಎಂದಿರಿ. "ಶಾಲೆಗಲು" ಎಂದಿರಿ. "ಮಳೆ" ಎಂಬ ಮಾತು ಬರುವ ಕಡೆ ತಡೆದು, ಸುತ್ತು ಬಳಸಿ ಇನ್ನೇನೋ ಹೇಳಿದಿರಿ. ಮನೆಗೆ ಬಂದು ರೇಡಿಯೋದಲ್ಲಿ ನಿಮ್ಮ ಹೋದ ತಿಂಗಳ ಸಂದರ್ಶನ ಮತ್ತೆ ಬಂದಾಗಲೂ ಕಿವಿಗೊಟ್ಟು ಕೇಳಿದೆ. ಅದರಲ್ಲೂ ಳಕಾರ ಸರಿಯಿಲ್ಲ. ಳ ಅನ್ನಲು ನಾಲಿಗೆಯ ತುದಿ ಹಿಂದಕ್ಕೆ ಮಡಿಯಬೇಕು. ನಿಮ್ಮ ನಾಲಿಗೆ ಮಡಿಯುತ್ತಿಲ್ಲ. ವೇದಿಕೆಯಲ್ಲಿ ಲೋಟ ಎತ್ತಿ ಎಡಗಡೆಯಿಂದಲೇ ಕುಡಿದಿರಿ.

ಕನ್ನಡಿಯ ಮುಂದೆ ನಿಂತು ನಾಲಿಗೆ ಹೊರಚಾಚಿ. ಬಲ ಅಂಚಿನಲ್ಲಿ ವಾಸಿಯಾಗದ ಹುಣ್ಣು ಇದೆಯೇ? ಮುಟ್ಟಿದರೆ ಗಟ್ಟಿಯಾಗಿದೆಯೇ? ಇದ್ದರೆ ಪ್ರಚಾರ ಬಿಟ್ಟು ಈ ವಾರವೇ ಆಸ್ಪತ್ರೆಗೆ ಹೋಗಿ. ಚುನಾವಣೆ ಮುಗಿಯುವವರೆಗೆ ಕಾಯಬೇಡಿ.

ಹಲ್ಲು ಡಾಕ್ಟರ್


15 ಜನವರಿ 1992

ಡಾಕ್ಟರ್ ಅವರಿಗೆ,

ಕಾಗದ ತಲುಪಿತು. ಹದಿನೈದು ವರ್ಷದಿಂದ ನಿಮ್ಮ ಪಕ್ಷದವರು ನನ್ನನ್ನು ಆಡಿಕೊಳ್ಳಲು ಏನೂ ಬಾಕಿ ಉಳಿಸಿಲ್ಲ. ಓದಿಲ್ಲ ಎಂದರು, ಉಡುಪು ಸರಿಯಿಲ್ಲ ಎಂದರು. ಮಾತಿನ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಿರಲಿಲ್ಲ. ಅದನ್ನು ನೀವು ಮಾಡಿದಿರಿ. ಮತದಾನಕ್ಕೆ ಆರು ವಾರವಿರುವಾಗ ಎದುರಾಳಿಯನ್ನು ಹೆದರಿಸಿ ಮನೆಯಲ್ಲಿ ಕೂರಿಸುವ ಉಪಾಯ ಚೆನ್ನಾಗಿದೆ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ. ಇನ್ನು ಕಣದಲ್ಲಿ ನೋಡೋಣ.

ಗೃಹ ಸಚಿವರು


23 ಜನವರಿ 1992

ಅಕ್ಕಾ,

ಮೊದಲ ಸಲ ಹೀಗೆ ಕರೆಯುತ್ತಿದ್ದೇನೆ. ಎದುರಾಳಿ ಬರೆದದ್ದನ್ನು ನೀವು ನಂಬುವುದಿಲ್ಲ, ನ್ಯಾಯವೇ. ಹಾಗಾಗಿ ಇವತ್ತು ಮಧ್ಯಾಹ್ನ ಎರಡೂವರೆಗೆ ಚುನಾವಣಾ ಕಚೇರಿಗೆ ಹೋಗಿ ನನ್ನ ನಾಮಪತ್ರ ವಾಪಸ್ ಪಡೆದೆ. ಮೂರು ಗಂಟೆಗೆ ಗಡುವು ಮುಗಿಯುತ್ತಿತ್ತು. ಮುದ್ರೆ ಹಾಕಿದ ಪ್ರತಿ ಈ ಲಕೋಟೆಯಲ್ಲಿದೆ. ಅಧಿಕಾರಿ ಎರಡು ಸಲ ಕೇಳಿದ, "ಯೋಚ್ನೆ ಮಾಡಿದೀರಾ ಸಾರ್?" ನಾನು ಮುದ್ರೆ ಒತ್ತಪ್ಪಾ ಎಂದೆ.

ಪಕ್ಷದವರು ಸಂಜೆ ಮನೆ ಮುಂದೆ ಬಂದು ಕೂಗಿದರು. ನನ್ನನ್ನು ಹೊರಹಾಕಿದ್ದಾರೆ. ಬದಲಿ ಅಭ್ಯರ್ಥಿ ಹಾಕಲು ಅವರಿಗೆ ಸಮಯವೂ ಉಳಿದಿಲ್ಲ. ಇರಲಿ, ಅದು ದೊಡ್ಡ ವಿಷಯವಲ್ಲ, ಹೇಗೂ ಸೋಲುವವನು ನಾನು. ಮೂರು ಸಲ ಸೋತು ಅಭ್ಯಾಸವಾಗಿದೆ.

ಈಗ ನಾನು ಯಾರ ಎದುರಾಳಿಯೂ ಅಲ್ಲ. ಬರೀ ಹಲ್ಲು ಡಾಕ್ಟರ್. ಕನ್ನಡಿಯ ಮುಂದೆ ಹೋಗಿ, ನಾಲಿಗೆ ಚಾಚಿ. ನಿಮ್ಮ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವರು ಸುಳ್ಳು ಹೇಳುವವರಲ್ಲ ಎಂದು ನಿಮ್ಮ ಕಾಗದಗಳಿಂದಲೇ ಬಲ್ಲೆ.

ನಿಮ್ಮ ತಮ್ಮ,
ಹಲ್ಲು ಡಾಕ್ಟರ್


5 ಮಾರ್ಚ್ 1992, ಆಸ್ಪತ್ರೆ

ತಮ್ಮಾ,

ಕೂತಿದ್ದೇನೆ, ಬರೆಯುತ್ತಿದ್ದೇನೆ, ಬದುಕಿದ್ದೇನೆ!

ಆ ಹುಣ್ಣು ಮೂರು ತಿಂಗಳಿಂದ ಇತ್ತು. ಯಾರಿಗೂ ಹೇಳಿರಲಿಲ್ಲ. ಉಪ್ಪುನೀರು ಮುಕ್ಕಳಿಸಿ ಭಾಷಣಕ್ಕೆ ಹೋಗುತ್ತಿದ್ದೆ. ಹಾಗಾಗಿಯೇ ನಿಮ್ಮ ಮೊದಲ ಕಾಗದಕ್ಕೆ ಅಷ್ಟು ಸಿಟ್ಟು ಬಂದದ್ದು. ಎರಡನೆಯ ಲಕೋಟೆ ತೆರೆದಾಗ ಮುದ್ರೆ ಒತ್ತಿದ ಆ ಹಾಳೆ ಅಮ್ಮನ ಕೈಗೆ ಸಿಕ್ಕಿತು. "ಇವ್ನು ಅವ್ನ ಎಲೆಕ್ಷನ್ನೇ ಬಿಟ್ಟಿದಾನೆ, ನೀನು ನಾಲಿಗೆ ತೋರ್ಸಕ್ಕೂ ಆಗಲ್ವಾ?" ಎಂದು ನನ್ನ ಗಲ್ಲ ಹಿಡಿದಳು. ಮರುದಿನವೇ ಬಂದು ಸೇರಿದೆ. ನಾಲಿಗೆಯ ಬಲಭಾಗದಲ್ಲಿ ಒಂದಷ್ಟು ಕತ್ತರಿಸಿದ್ದಾರೆ. ಕ್ಯಾನ್ಸರೇ, ಆದರೆ ಹರಡಿಲ್ಲ. ಶಸ್ತ್ರವೈದ್ಯೆ, "ಇನ್ನು ಮೂರು ತಿಂಗಳು ಬಿಟ್ಟು ಬಂದಿದ್ರೆ ನಾನು ಬೇರೆ ಥರ ಮಾತಾಡ್ತಿದ್ದೆ" ಎಂದರು. ಈಗ ಮಾತೆಲ್ಲ ಸ್ಲೇಟಿನ ಮೇಲೆ. ಮಲಗಿದ್ದಲ್ಲೇ ಗೆದ್ದೆ, ಒಂದು ಭಾಷಣವೂ ಇಲ್ಲದೆ!

"ಹೇಗೂ ಸೋಲುವವನು" ಎಂದು ಬರೆದಿರಲ್ಲ, ಅದು ಸುಳ್ಳು. ಈ ಸಲ ನೀವು ಗೆಲ್ಲುತ್ತಿದ್ದಿರಿ. ನಮ್ಮ ಪಕ್ಷವೇ ಊರೆಲ್ಲ ವಿಚಾರಿಸಿ ನನಗೆ ಹೇಳಿತ್ತು. ನಿಮಗೂ ಗೊತ್ತಿತ್ತು.

ಈಗ ನನ್ನ ಸುಳ್ಳು ಕೇಳಿ. 1983ರಲ್ಲಿ ಪ್ರಧಾನಿ ನನ್ನ ಮುಂದೆ ಎರಡು ಖಾತೆ ಇಟ್ಟಿದ್ದರು, ಸಾರಿಗೆ ಅಥವಾ ಕುಡಿಯುವ ನೀರು. ನೀರು ಸಣ್ಣ ಖಾತೆ, ಅದನ್ನು ತೆಗೆದುಕೊಂಡವರು ಮೇಲೆ ಹೋಗುವುದಿಲ್ಲ ಎನ್ನುತ್ತಿದ್ದರು. ನಾನು ಸಾರಿಗೆ ಎಂದೆ. ನಿಮಗೆ "ಬೇರೆಯವರ ಪಾಲಾಯಿತು" ಎಂದು ಬರೆದೆ.

ಅಕ್ಕ


11 ಅಕ್ಟೋಬರ್ 1992

ಅಕ್ಕಾ,

ಏಳು ತಿಂಗಳು ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ.

ನಿಮ್ಮ ಕಾಗದ ಓದಿದ ಮರುದಿನ ಪುರಸಭೆಗೆ ಹೋಗಿ ಜನನ ನೋಂದಣಿ ಪುಸ್ತಕಗಳನ್ನು ತೆಗೆಸಿದೆ. 1983ರ ಡಿಸೆಂಬರಿನಿಂದ ಈಚೆಗೆ ನಮ್ಮ ಊರಿನಲ್ಲಿ ಹುಟ್ಟಿದವರು ಐದು ಸಾವಿರದ ಇನ್ನೂರ ಹನ್ನೊಂದು ಮಕ್ಕಳು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಎಣಿಸಿದೆ. ಅವರಲ್ಲಿ ದೊಡ್ಡವರು ಈಗಾಗಲೇ ನನ್ನ ಕುರ್ಚಿಗೆ ಬರುತ್ತಿದ್ದಾರೆ. "ಬಾಯಿ ತೆಗಿ ಪುಟ್ಟಾ" ಎಂದಾಗಲೆಲ್ಲ ನಿಮ್ಮ ಬಸ್ಸುಗಳು ನೆನಪಾಗುತ್ತವೆ.

ನಾನು ಚುನಾವಣೆ ಬಿಟ್ಟದ್ದಕ್ಕೆ ವಿಷಾದವಿಲ್ಲ, ಇನ್ನೊಮ್ಮೆ ಬಂದರೆ ಇನ್ನೊಮ್ಮೆಯೂ ಬಿಡುತ್ತೇನೆ. ಆದರೆ ಈ ಮಕ್ಕಳ ಪರವಾಗಿ ನಿಮ್ಮನ್ನು ಕ್ಷಮಿಸಲು ನನಗೆ ಅಧಿಕಾರವಿಲ್ಲ.

ನೀವು ಏಳು ತಿಂಗಳಿಂದ ಖಾತೆಯಿಲ್ಲದ ಮಂತ್ರಿಯಾಗಿ ಕೂತಿದ್ದೀರಂತೆ. ಕೂತು ಏನು ಮಾಡುತ್ತಿದ್ದೀರಿ?

ದಿನಕ್ಕೆ ಮೂರು ಹೊತ್ತು ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ಹತ್ತು ಎಣಿಸಿ. ಸೋಮಾರಿತನ ಮಾಡಬೇಡಿ.

ಹಲ್ಲು ಡಾಕ್ಟರ್


4 ನವೆಂಬರ್ 1992

ತಮ್ಮಾ,

ನಿಮ್ಮ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರಧಾನಿಯ ಕೋಣೆಗೆ ಹೋದೆ. ಅವರು ಗಾಬರಿಯಾಗಿ ಎದ್ದು ನಿಂತರು, ರಾಜೀನಾಮೆ ಎಂದುಕೊಂಡರೇನೋ. ನಾನು ಸ್ಲೇಟಿನ ಮೇಲೆ ಬರೆದೆ: "ಕುಡಿಯುವ ನೀರು ಕೊಡಿ." ಅವರು ಸಹಾಯಕನನ್ನು ಕರೆದು ಒಂದು ಲೋಟ ನೀರು ತರಿಸಿದರು!

ನಗು ತಡೆಯಲಾಗಲಿಲ್ಲ. ನಕ್ಕರೆ ಹೊಲಿಗೆಯ ಜಾಗ ನೋಯುತ್ತದೆ, ಆದರೂ ನಕ್ಕೆ. ಅಳಿಸಿ ಮತ್ತೆ ಬರೆದೆ: "ಖಾತೆ."

"ಗೃಹ ಮಂತ್ರಿ ಆಗಿದ್ದವರು ನೀವು. ಅದು ತೀರಾ ಚಿಕ್ಕದಾಯ್ತಲ್ವಾ?" ಎಂದರು.

ಆಗ ಬಾಯಿ ತೆಗೆದೆ ತಮ್ಮಾ. ಎಂಟು ತಿಂಗಳಲ್ಲಿ ಅಮ್ಮನ ಮುಂದೆ ಬಿಟ್ಟು ಇನ್ನೊಬ್ಬರ ಮುಂದೆ ಮಾತಾಡಿರಲಿಲ್ಲ. ತೊದಲಿತು, ಉಗುಳು ಸಿಡಿಯಿತು, ಅವರ ಮೇಜಿನ ಹಾಳೆ ಒದ್ದೆಯಾಯಿತು. "ಐದು ಸಾವಿರದ ಇನ್ನೂರ ಹನ್ನೊಂದು ಮಕ್ಕಲು," ಎಂದೆ. ಮಕ್ಕಲು ಎಂದೇ ಬಂತು. ಅವರು ಒದ್ದೆಯಾದ ಹಾಳೆಯನ್ನು ಪಕ್ಕಕ್ಕೆ ಸರಿಸಿ, "ತಗೊಳ್ಳಿ" ಎಂದರು.

ಕ್ಷಮೆ ಕೇಳುತ್ತಿಲ್ಲ. ಸೋಮವಾರದಿಂದ ಕೆಲಸ ಶುರು.

ಅಕ್ಕ


18 ಆಗಸ್ಟ್ 1994, ಪೈಪು ಹಾಕುವ ಜಾಗದಿಂದ

ತಮ್ಮಾ,

ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಜೀಪಿನ ತಪ್ಪು. ಮೂವತ್ತೆಂಟು ಮೈಲಿ ಮುಗಿಯಿತು! ಗುಡ್ಡದ ಬಂಡೆಯೇ ದೊಡ್ಡ ತಲೆನೋವಾಗಿತ್ತು. ಸುತ್ತು ಹಾಕಿದರೆ ಇನ್ನೆರಡು ವರ್ಷ ಎಂದರು. ಮುಖ್ಯ ಎಂಜಿನಿಯರ್ ಹೆಂಗಸು, ನನಗಿಂತ ಜೋರು. "ಮೇಡಂ, ನೀವು ಅಲ್ಲಿ ಸಭೆಯಲ್ಲಿ ಗುದ್ದಾಡಿ, ಬಂಡೆ ನಾನು ನೋಡ್ಕೋತೀನಿ" ಎಂದಳು. ಇವತ್ತು ಬೆಳಿಗ್ಗೆ ಸುರಂಗದ ಎರಡು ಬದಿಯವರೂ ಒಬ್ಬರಿಗೊಬ್ಬರು ಕಂಡರು. ಆ ಸಣ್ಣ ತೂತಿನಿಂದ ಆಚೆಯವನೊಬ್ಬ ಕೈ ತೂರಿಸಿದ. ನಾನು ಹಿಡಿದು ಕುಲುಕಿದೆ. ಯಾರ ಕೈಯೋ ಏನೋ, ಬಿಡಲಿಕ್ಕೇ ಮನಸ್ಸಾಗಲಿಲ್ಲ!

ಸಭೆಯಲ್ಲಿ ನನ್ನ ತೊದಲನ್ನು ಒಬ್ಬ ಅಣಕಿಸಿದ. ಎದುರು ಪಕ್ಷದವರೇ ಅವನನ್ನು ಗದರಿ ಕೂರಿಸಿದರು.

ಅಕ್ಕ


22 ಜನವರಿ 1996

ಅಕ್ಕಾ, ಅಕ್ಕಾ, ಅಕ್ಕಾ!

ನೀವು ನಲ್ಲಿ ತಿರುಗಿಸಿ ಕಾರು ಹತ್ತಿ ಹೋದಿರಿ, ಆಮೇಲೆ ಆದದ್ದನ್ನು ನೋಡಲಿಲ್ಲ. ಜನ ಕೊಡ, ಬಕೆಟ್ಟು, ಹೂಜಿ, ಹೆಲ್ಮೆಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಬಂದರು. ನನ್ನ ಹೆಂಡತಿ ಬೀದಿಯಲ್ಲೇ ನಿಂತು ಬೊಗಸೆಯಲ್ಲಿ ಕುಡಿದಳು. "ಏನೂ ರುಚಿ ಇಲ್ವಲ್ಲ!" ಎಂದು ಮುಖ ಹುಳ್ಳಗೆ ಮಾಡಿದಳು. ಅದೇ ಕಣೇ ನೀರು ಎಂದೆ. ನಮಗೆಲ್ಲ ನೀರಿನ ನಿಜವಾದ ರುಚಿಯೇ ಮರೆತಿತ್ತು.

ಒಂದು ಮಾತು, ಮೊದಲೇ ಹೇಳಿಬಿಡುತ್ತೇನೆ. ಈಗ ಇರುವ ಮಕ್ಕಳ ಹಲ್ಲು ಇದರಿಂದ ಬಿಳಿಯಾಗುವುದಿಲ್ಲ. ದವಡೆಯೊಳಗೆ ಅವು ಆಗಲೇ ತಯಾರಾಗಿಬಿಟ್ಟಿವೆ. ಇವತ್ತಿನ ನಂತರ ಹುಟ್ಟುವ ಮಗುವಿಗೆ ಆರು ವರ್ಷ ತುಂಬಬೇಕು, ಆಗ ಗೊತ್ತಾಗುತ್ತದೆ. ಅಷ್ಟರಲ್ಲಿ ಜನ ನಿಮ್ಮನ್ನು ಬೈಯಬಹುದು. ಬೈದರೆ ನನ್ನ ಕ್ಲಿನಿಕ್ಕಿಗೆ ಕಳಿಸಿ, ಬಾಯಿ ತೆರೆಸಿ ಕೂರಿಸಿ ವಿವರಿಸುತ್ತೇನೆ. ಆಗ ಎದುರು ಮಾತಾಡಲಾರರು.

ತಮ್ಮ


19 ಮಾರ್ಚ್ 1997

ಅಕ್ಕಾ,

ಯಾವ ಪಕ್ಷವೂ ಇಲ್ಲದೆ ನಿಂತು ನಾಲ್ಕನೇ ಸಲ ಸೋತೆ. "ನಿಲ್ಲಲೇಬೇಕು, ಎದುರು ಯಾರೂ ಇಲ್ಲದೆ ಗೆದ್ದರೆ ರುಚಿಯಿಲ್ಲ" ಎಂದು ಹಟ ಹಿಡಿದವರು ನೀವೇ, ಮೂವತ್ತು ಸಾವಿರದಿಂದ ಬಗ್ಗುಬಡಿದವರೂ ನೀವೇ! "ಈ ಡಾಕ್ಟರಿಗೆ ಮತ ಹಾಕಬೇಡಿ, ನನ್ನ ನಾಲಿಗೆಯ ಕಾವಲಿಗೆ ಇವರು ಊರಲ್ಲೇ ಇರಬೇಕು" ಎಂದು ನನ್ನ ಮನೆಯ ಎದುರೇ ಭಾಷಣ ಮಾಡಿದಿರಿ. ಜನ ಬಿದ್ದು ಬಿದ್ದು ನಕ್ಕರು. ಹೆಂಡತಿ ಈ ಸಲ ಗುಟ್ಟು ಬಿಟ್ಟುಕೊಟ್ಟಳು: ನಾಲ್ಕು ಸಲವೂ ನಿಮಗೇ ಹಾಕಿದ್ದಾಳೆ.

ಏಪ್ರಿಲ್ ಹತ್ತಕ್ಕೆ ನಾಲಿಗೆ ತಪಾಸಣೆ. ಮಂತ್ರಿಗಿರಿ ತೋರಿಸಿ ತಪ್ಪಿಸಿಕೊಳ್ಳಬೇಡಿ.

ತಮ್ಮ


28 ಮಾರ್ಚ್ 2002

ತಮ್ಮಾ,

ಇವತ್ತು ಕಚೇರಿ ಖಾಲಿ ಮಾಡಿದೆ. ಇಪ್ಪತ್ತಮೂರು ವರ್ಷ, ಐದು ಖಾತೆ, ನಾಲ್ಕು ಪ್ರಧಾನಿಗಳು. ಬೀಳ್ಕೊಡುಗೆಯಲ್ಲಿ ನನ್ನನ್ನು ಹೊಗಳುತ್ತಾ ಬಂದರು, ಬಂದರು, ಮಂಜುಗಡ್ಡೆಯ ಕಾರ್ಖಾನೆಯಿಂದ ಹಿಡಿದು ಪೊಲೀಸ್ ವಸತಿಯವರೆಗೆ. ನೀರಿನ ಬಗ್ಗೆ ಅರ್ಧ ವಾಕ್ಯ. ನನಗೆ ಬೇಸರವಾಗಲಿಲ್ಲ. ಅದರ ಫಲ ಇನ್ನೂ ಬಂದಿಲ್ಲವಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಅಮ್ಮ ಇದ್ದಿದ್ದರೆ ನನ್ನನ್ನು ಮನೆಯಲ್ಲಿ ಕಂಡು ಗಾಬರಿಯಾಗುತ್ತಿದ್ದಳು. ತಂಗಿಯ ಮನೆ ಬಂದರಿನ ಹತ್ತಿರ, ಅಲ್ಲಿ ಇರುತ್ತೇನೆ. ಬೆಳಿಗ್ಗೆ ಎದ್ದು ದೋಣಿ ನೋಡುವುದು, ಮೂರು ಹೊತ್ತು ನಾಲಿಗೆ ಮಡಿಸುವುದು. ಕೆಲಸವೇ ಇಲ್ಲದೆ ಕೈ ತುರಿಸುತ್ತಿದೆ!

ಅಕ್ಕ


16 ನವೆಂಬರ್ 2002

ಅಕ್ಕಾ,

ಬಂತು! ಬಂತು ಅಕ್ಕಾ!

ಕ್ರಮವಾಗಿ ಹೇಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಲಾಂಡ್ರಿಯವಳು ತನ್ನ ಮಗಳನ್ನು ಕರೆತಂದಳು. ಆರೂವರೆ ವರ್ಷ, ನೀರು ಬಂದ ವರ್ಷವೇ ಹುಟ್ಟಿದವಳು. ಹಾಲುಹಲ್ಲು ಅಲ್ಲಾಡುತ್ತದೆ, ತೆಗೆಯಿರಿ ಎಂದಳು. ಬಾಯಿ ತೆಗೆಸಿದೆ, ದೀಪ ಹಾಕಿದೆ. ಕೆಳಗಡೆ, ಮಧ್ಯದಲ್ಲಿ, ಹಾಲುಹಲ್ಲಿನ ಹಿಂದೆ ಹೊಸ ಹಲ್ಲಿನ ಅಂಚು. ಅಕ್ಕಿಕಾಳಿನಷ್ಟು. ಅರಿವೆಯಿಂದ ಒರೆಸಿ ನೋಡಿದೆ, ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ಬಿಳಿ. ಒಂದು ಪಟ್ಟೆ ಇಲ್ಲ, ಒಂದು ಚುಕ್ಕೆ ಇಲ್ಲ. ಮೂವತ್ತಮೂರು ವರ್ಷದಲ್ಲಿ ಈ ಊರಿನಲ್ಲಿ ಹುಟ್ಟಿ ಬೆಳೆದ ಮಗುವಿನ ಬಾಯಲ್ಲಿ ನಾನು ನೋಡಿದ ಮೊದಲ ಬಿಳಿ ಹಲ್ಲು.

ಹೊರಗೆ ಕಾಯುತ್ತಿದ್ದ ಒಂಬತ್ತು ಜನರನ್ನೂ ಒಳಗೆ ಕರೆದೆ. ಸಾಲಾಗಿ ಬಂದು ನೋಡಿದರು. ಎದುರಿನ ಬೇಕರಿಯವನು ಕೈ ಒರೆಸಿಕೊಳ್ಳುತ್ತಾ ಓಡಿಬಂದ. ಲಾಂಡ್ರಿಯವಳು ತನ್ನ ಕಂದು ಹಲ್ಲು ತೋರಿಸಿಕೊಂಡು ಗಟ್ಟಿಯಾಗಿ ಅಳುತ್ತಿದ್ದಳು. ಹತ್ತನೆಯವರು ಬಗ್ಗುವಷ್ಟರಲ್ಲಿ ಆ ಪುಟ್ಟಿಗೆ ರೇಗಿತು. "ಸಾಕು! ಇನ್ಮೇಲೆ ಯಾರಿಗೂ ತೋರ್ಸಲ್ಲ!" ಎಂದು ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು.

ನನ್ನ ಮಗಳಿಗೆ ಫೋನ್ ಮಾಡಿದೆ. ಮೊದಲ ಮಾತಿಗೇ ಅವಳು, "ಅಕ್ಕನಿಗೆ ಹೇಳಿದ್ರಾ ಅಪ್ಪಾ?" ಎಂದಳು. ಹೇಳುತ್ತಿದ್ದೇನೆ.

ತಮ್ಮ


19 ನವೆಂಬರ್ 2002

ತಮ್ಮಾ,

ಕಾಗದ ಈಗ ತಾನೇ ಬಂತು. ತಂಗಿಗೆ ಓದಿ ಹೇಳಲು ಹೋದೆ, ಅವಳೇ ಕಿತ್ತುಕೊಂಡು ಓದಿದಳು. ಬೀದಿಯಲ್ಲಿ ಎದುರಾದ ಮೀನಿನವನಿಗೂ ಹೇಳಿದೆ. ಅವನಿಗೆ ತಲೆಬುಡ ಅರ್ಥವಾಗದಿದ್ದರೂ "ಒಳ್ಳೇದಾಯ್ತು ಬಿಡಿ" ಎಂದ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತಿದ್ದೇನೆ. ಇಬ್ಬರೂ ಜೊತೆಯಲ್ಲಿ ಕೂತು ಆ ಹಲ್ಲು ನೋಡಬೇಕು. ಬಾಯಿ ತೆಗೆಯುವುದಿಲ್ಲ ಎಂದಳೇ? ಇಪ್ಪತ್ತೈದು ವರ್ಷ ಮನೆಮನೆಗೆ ಹೋಗಿ ಮತ ಕೇಳಿದವಳು ನಾನು, ಅವಳ ಮನೆಗೂ ಹೋಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಅಷ್ಟರಲ್ಲಿ ಆ ಹುಡುಗಿಯನ್ನು ಗೋಡೆ ಹತ್ತಲು ಬಿಡಬೇಡಿ ಎಂದು ಅವಳ ಅಮ್ಮನಿಗೆ ಹೇಳಿ. ಬಿದ್ದು ಮುರಿದುಕೊಂಡರೆ ಏನು ಮಾಡುವುದು, ಈಗ ನನ್ನ ಕೈಯಲ್ಲಿ ಯಾವ ಖಾತೆಯೂ ಇಲ್ಲ!

ಅಕ್ಕ